ಸೂಜಿಯೋ ಪಂಪೋ ಎಂದು ಕೇಳುವವರಿಗೆ

ಟೈಪ್ 1 ಮಧುಮೇಹ (ಮೈಯಲ್ಲಿ ಇನ್ಸುಲಿನ್ ತಯಾರಾಗದೆ ದಿನವೂ ಹೊರಗಿನಿಂದ ಕೊಡಬೇಕಾದ ಕಾಯಿಲೆ) ಇರುವ ಮಕ್ಕಳ ಅಪ್ಪ-ಅಮ್ಮಂದಿರು ನನಗೆ ಫೋನ್ ಮಾಡಿದರೆ ಐದು ನಿಮಿಷದೊಳಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಪಂಪ್ ಹಾಕಿಸಿಬಿಟ್ಟರೆ ಒಳ್ಳೇದಾ ಮೇಡಂ?" ಪಂಪ್ ಎಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನವಿಡೀ ಮೈಗೆ ಇನ್ಸುಲಿನ್ ಬಿಡುವ ಪುಟ್ಟ ಯಂತ್ರ. ಅವರ ದನಿಯಲ್ಲೇ ಗೊತ್ತಾಗುತ್ತದೆ, ಸೂಜಿ ಕೆಳಗಿನ ತರಗತಿ, ಪಂಪ್ ಮೇಲಿನ ತರಗತಿ ಎಂದು ಅವರು ಎಣಿಸಿದ್ದಾರೆ. ದುಡ್ಡಿದ್ದವರ ಮಕ್ಕಳು ಮೇಲೆ ಹೋದರು, ತಮ್ಮ ಮಗು ಕೆಳಗೇ ಉಳಿದುಬಿಟ್ಟಿತು ಎಂಬ ಸಂಕಟ ಆ ಪ್ರಶ್ನೆಯೊಳಗಿರುತ್ತದೆ. ಮೊದಲು ಆ ಸಂಕಟವನ್ನು ಇಳಿಸಬೇಕು ಅನ್ನಿಸುತ್ತದೆ ನನಗೆ. ಯಂತ್ರದ ಮಾತು ಆಮೇಲೆ.

ನಾನು ಡಾಕ್ಟರಲ್ಲ. ದಾವಣಗೆರೆಯಲ್ಲಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಐದನೇ ಕ್ಲಾಸಿನಲ್ಲಿದ್ದಾಗ ಟೈಪ್ 1 ಅಂತ ಗೊತ್ತಾಯಿತು. ಸಿರಿಂಜಿನಲ್ಲಿ ಬೆಳೆದೆ, ಇನ್ಸುಲಿನ್ ಪೆನ್ನಿನಲ್ಲಿ (ಡೋಸ್ ತಿರುಗಿಸಿ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ) ಓದು ಮುಗಿಸಿದೆ, ಹೊಟ್ಟೆಯಲ್ಲಿ ಮಗುವಿದ್ದಾಗ ಪಂಪ್ ಹಾಕಿಕೊಂಡೆ, ಕೆಲವು ವರ್ಷ ಅದರ ಜೊತೆ ಬದುಕಿ ಮತ್ತೆ ಪೆನ್ನಿಗೆ ಬಂದೆ. ಎರಡರ ಒಳಗೂ ಇದ್ದು ನೋಡಿದವಳಾಗಿ ಮಾತ್ರ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಡೋಸನ್ನು ನಿಮ್ಮ ಡಾಕ್ಟರೇ ಹೇಳಬೇಕು.

ನನ್ನ ಬಾಲ್ಯದ ಇನ್ಸುಲಿನ್ ಎಂದರೆ ಕೆಂಪು ಕ್ಯಾಪಿನ ಸಿರಿಂಜು ಮತ್ತು ಎರಡು ಸೀಸೆ. ಒಂದು ತಿಳಿಯಾದ, ಬೇಗ ಕೆಲಸ ಮಾಡುವ ರೆಗ್ಯುಲರ್, ಇನ್ನೊಂದು ಹಾಲಿನ ಬಣ್ಣದ, ನಿಧಾನಕ್ಕೆ ಕೆಲಸ ಮಾಡುವ ಎನ್‌ಪಿಎಚ್. ಅಮ್ಮ ಹಾಲುಬಣ್ಣದ ಸೀಸೆಯನ್ನು ಅಂಗೈಗಳ ನಡುವೆ ಉರುಳಿಸಿ, ಮೊದಲು ತಿಳಿಯದನ್ನು ಎಳೆದು ಆಮೇಲೆ ಇದನ್ನು ಎಳೆಯುತ್ತಿದ್ದಳು. ಬೆಳಿಗ್ಗೆ ಒಂದು, ರಾತ್ರಿ ಒಂದು. ದಿನಕ್ಕೆ ಎರಡೇ ಚುಚ್ಚು, ಕೇಳಲು ಸುಲಭ. ಆದರೆ ಎನ್‌ಪಿಎಚ್ ಹಾಕಿದ ಕೆಲವು ತಾಸಿನ ಮೇಲೆ ಜೋರಾಗಿ ಕೆಲಸ ಮಾಡುತ್ತದೆ, ಆ ಹೊತ್ತಿಗೆ ಹೊಟ್ಟೆಯಲ್ಲಿ ಏನಾದರೂ ಇರಲೇಬೇಕು. ಹಸಿವಿರಲಿ ಬಿಡಲಿ, ಶಾಲೆಯಲ್ಲಿ ಹನ್ನೊಂದು ಗಂಟೆಗೆ ಬಿಸ್ಕತ್ತು ತಿನ್ನಬೇಕಿತ್ತು. ಮದುವೆ ಮನೆಯಲ್ಲಿ ಊಟ ತಡವಾದರೆ ಅಮ್ಮನ ಮುಖ ಸಣ್ಣಗಾಗುತ್ತಿತ್ತು. ಇನ್ಸುಲಿನ್ ಹೇಳಿದ ಹೊತ್ತಿಗೆ ನಾವು ತಿನ್ನುತ್ತಿದ್ದೆವು.

ಅದನ್ನು ತಿರುಗಿಸಿದ್ದು ಪಂಪ್ ಅಲ್ಲ, ಗ್ಲಾರ್ಜಿನ್‌ನಂಥ ಇಡೀ ದಿನ ಸಮನಾಗಿ ಕೆಲಸ ಮಾಡುವ ಇನ್ಸುಲಿನ್ ಮತ್ತು ಊಟಕ್ಕೆ ಸ್ವಲ್ಪ ಮುಂಚೆ ಹಾಕುವ ಚುರುಕಿನ ಇನ್ಸುಲಿನ್. ಮೊದಲನೆಯದನ್ನು ಬೇಸಲ್ ಅನ್ನುತ್ತಾರೆ, ಎರಡನೆಯದನ್ನು ಬೋಲಸ್. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಮಾಡುವುದೂ ಇದನ್ನೇ: ಹಗಲು ರಾತ್ರಿ ಸಣ್ಣಗೆ ಸುರಿಯುತ್ತಿರುತ್ತದೆ, ತಿಂದಾಗ ಹೆಚ್ಚಿಗೆ ಬಿಡುತ್ತದೆ. ಚುಚ್ಚು ದಿನಕ್ಕೆ ನಾಲ್ಕೈದಾಯಿತು, ನನ್ನ ಜೀವನ ಹಗುರಾಯಿತು. ತಡವಾಗಿ ಎದ್ದರೆ ತಡವಾಗಿ ತಿಂಡಿ ತಿನ್ನಬಹುದು. ಉಪವಾಸದ ದಿನ ಬೋಲಸ್ ಇಲ್ಲ. ನನಗೆ ಸಿಕ್ಕ ಅತಿ ದೊಡ್ಡ ಬಿಡುಗಡೆ ಇದು. ಬೆಂಗಳೂರಿನ ಬಯೋಕಾನ್ 2004ರಲ್ಲಿ ರೆಗ್ಯುಲರ್, ಎನ್‌ಪಿಎಚ್ ಬಗೆಯ ಹ್ಯೂಮನ್ ಇನ್ಸುಲಿನ್ನನ್ನೂ 2009ರಲ್ಲಿ ಗ್ಲಾರ್ಜಿನ್ನನ್ನೂ ಮಾರುಕಟ್ಟೆಗೆ ತಂದಿತು. ನಮ್ಮಂಥ ಮಧ್ಯಮ ವರ್ಗದ ಮನೆಗಳಿಗೆ ಇಂಥ ದೇಸಿ ತಯಾರಿಕೆ ಎಷ್ಟು ಆಸರೆ ಎಂಬುದು ಔಷಧದಂಗಡಿಯ ಬಿಲ್ ಕಟ್ಟುವವರಿಗೆ ಗೊತ್ತು.

ಚುಚ್ಚಿನ ಸಂಖ್ಯೆ ನೋಡಿ ತೀರ್ಮಾನ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಪಂಪ್ ಇದ್ದರೆ ಎರಡು ಮೂರು ದಿನಕ್ಕೊಮ್ಮೆ ಸೆಟ್ (ಪಂಪ್‌ನಿಂದ ಮೈಗೆ ಇನ್ಸುಲಿನ್ ಒಯ್ಯುವ ಕೊಳವೆ) ಬದಲಿಸಿದರೆ ಸಾಕು, ನಿಜ. ಆದರೆ ಈಗಿನ ಪೆನ್ ಸೂಜಿ 4 ಮಿಲಿಮೀಟರ್ ಉದ್ದ, ಕೂದಲಿನಷ್ಟು ಸಣ್ಣ. ಮಗು ಮೊದಲ ತಿಂಗಳು ಅಳುತ್ತದೆ, ಆಮೇಲೆ ತಾನೇ ಹಾಕಿಕೊಳ್ಳುತ್ತದೆ. ವರ್ಷಗಟ್ಟಲೆ ದಣಿಸುವುದು ಸೂಜಿ ಅಲ್ಲ, ಲೆಕ್ಕ. ಇದರಲ್ಲಿ ಎಷ್ಟು ಕಾರ್ಬ್ (ಶುಗರ್ ಏರಿಸುವ ಕಾರ್ಬೋಹೈಡ್ರೇಟ್) ಇದೆ, ಈಗ ಶುಗರ್ ಎಷ್ಟಿದೆ, ಹಿಂದಿನ ಡೋಸ್ ಇನ್ನೂ ಎಷ್ಟು ಉಳಿದಿದೆ, ಸಂಜೆ ನಡೆಯಲು ಹೋಗುತ್ತೇನಾ. ಸಾಧಾರಣ ಪಂಪ್ ಈ ಲೆಕ್ಕವನ್ನು ಕೂಡಿ ಕಳೆದು ಕೊಡುತ್ತದೆ, ಅಂಕಿಗಳನ್ನು ನಾವೇ ಹಾಕಬೇಕು. ತಟ್ಟೆಯಲ್ಲಿ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ.

ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1441 ಜನರ ಮೇಲೆ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನ ನಡೆಯಿತು. ಶುಗರನ್ನು ಬಿಗಿಯಾಗಿ ಹಿಡಿದವರಲ್ಲಿ ಕಣ್ಣಿನ ತೊಂದರೆ ಶೇ 76, ಕಿಡ್ನಿಯದು ಶೇ 50, ನರಗಳದು ಶೇ 60ರಷ್ಟು ಕಡಿಮೆಯಾಯಿತು. ಟೈಪ್ 1 ಇರುವ ನಾವೆಲ್ಲ ಇವತ್ತು ಪಡೆಯುವ ಚಿಕಿತ್ಸೆ ಆ ಫಲಿತಾಂಶದ ಮೇಲೆ ನಿಂತಿದೆ. ಜನ ಗಮನಿಸದ ಒಂದು ವಿವರ ಅದರಲ್ಲಿದೆ. ಬಿಗಿ ಚಿಕಿತ್ಸೆಯ ಗುಂಪಿನವರಿಗೆ ಪಂಪ್ ಆದರೂ ಸರಿ, ದಿನಕ್ಕೆ ಮೂರೋ ಹೆಚ್ಚೋ ಇಂಜೆಕ್ಷನ್ ಆದರೂ ಸರಿ ಎಂದು ಬಿಟ್ಟಿದ್ದರು. ಕಣ್ಣು ಕಿಡ್ನಿ ಉಳಿಸಿದ್ದು ಪದೇಪದೇ ನೋಡಿ ಪದೇಪದೇ ತಿದ್ದಿದ ಶ್ರಮ. ಅದೇ ಗುಂಪಿನಲ್ಲಿ ಶುಗರ್ ತೀರಾ ಇಳಿದು ಇನ್ನೊಬ್ಬರ ಸಹಾಯ ಬೇಕಾದ ಪ್ರಸಂಗಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು ಎಂಬುದನ್ನೂ ಹೇಳಬೇಕು. ಬಿಗಿ ಹಿಡಿತಕ್ಕೆ ತೆತ್ತ ಬೆಲೆ ಅದು.

ಬ್ರಿಟನ್ನಿನ ರಿಪೋಸ್ ಅಧ್ಯಯನ ಇನ್ನೂ ನೇರವಾಗಿ ಕೇಳಿತು. ಟೈಪ್ 1 ಇರುವ ವಯಸ್ಕರನ್ನು ಎರಡು ಗುಂಪು ಮಾಡಿ, ಕಾರ್ಬ್ ಎಣಿಸಿ ಡೋಸ್ ಹಾಕುವ ತರಬೇತಿಯನ್ನು ಇಬ್ಬರಿಗೂ ಒಂದೇ ತರಹ ಕೊಟ್ಟು, ಒಬ್ಬರಿಗೆ ಪಂಪ್, ಇನ್ನೊಬ್ಬರಿಗೆ ಇಂಜೆಕ್ಷನ್ ಕೊಟ್ಟರು. 2017ರಲ್ಲಿ ಫಲಿತಾಂಶ ಬಂತು. ಎರಡೂ ಗುಂಪಿನವರಲ್ಲಿ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಇಳಿದಿತ್ತು, ಪಂಪ್‌ನಿಂದ ಹೆಚ್ಚಿನ ಲಾಭ ಎದ್ದು ಕಾಣಲಿಲ್ಲ. ಹೊಸದಾಗಿ ಕಾಯಿಲೆ ಗೊತ್ತಾದ ಮಕ್ಕಳ ಮೇಲೆ ನಡೆದ ಇನ್ನೊಂದು ಬ್ರಿಟಿಷ್ ಅಧ್ಯಯನವೂ 2019ರಲ್ಲಿ ಒಂದು ವರ್ಷದ ಕೊನೆಗೆ ಅದೇ ಮಾತು ಹೇಳಿತು. ಪಂಪ್ ಕೊಡಿಸಲಾಗಲಿಲ್ಲ ಎಂದು ರಾತ್ರಿ ನಿದ್ದೆಗೆಡುವ ತಾಯಂದಿರಿಗೆ ನಾನು ಇದನ್ನು ಎರಡೆರಡು ಸಲ ಹೇಳುತ್ತೇನೆ. ನಿಮ್ಮ ಮಗುವಿಗೆ ಅನ್ಯಾಯವಾಗಿಲ್ಲ, ಕಲಿಸಿ.

ಕಲಿಸುವುದು ಅಂದರೆ ಅಡುಗೆಮನೆಯಿಂದ ಶುರು. ನಮ್ಮ ಕಡೆ ಶುಗರ್ ಇದ್ದವರಿಗೆ ರಾಗಿ ಒಳ್ಳೆಯದು, ಮುದ್ದೆ ಎಷ್ಟು ತಿಂದರೂ ಪರವಾಗಿಲ್ಲ ಎಂಬ ನಂಬಿಕೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಟ್ಟಿ ನೋಡಿದರೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಮುದ್ದೆಗೆ 75 ಗ್ರಾಂ ಹಿಟ್ಟು ಹಾಕಿದರೆ 50 ಗ್ರಾಂ ಕಾರ್ಬ್. 10 ಗ್ರಾಂ ಕಾರ್ಬ್‌ಗೆ 1 ಯೂನಿಟ್ ಇನ್ಸುಲಿನ್ ಬೇಕಾಗುವವರಿಗೆ ಆ ಒಂದು ಮುದ್ದೆಗೇ 5 ಯೂನಿಟ್ ಬೇಕು, ಸಾರಿನಲ್ಲಿರುವ ಬೇಳೆಯ ಲೆಕ್ಕ ಬೇರೆ. ಅಡುಗೆಮನೆಯಲ್ಲಿ ಒಂದು ತಕ್ಕಡಿ ಇಟ್ಟುಕೊಂಡು ಅನ್ನ, ಮುದ್ದೆ, ಇಡ್ಲಿ, ಚಪಾತಿ ಒಂದಿಷ್ಟು ದಿನ ತೂಗಿದರೆ ಕಣ್ಣಿಗೆ ಅಂದಾಜು ಕೂರುತ್ತದೆ. ಇದು ಬಾರದೆ ಪಂಪ್ ಹಾಕಿಕೊಂಡರೆ ಲಕ್ಷಗಟ್ಟಲೆ ಬೆಲೆಯ ಯಂತ್ರ ತಪ್ಪು ಡೋಸನ್ನು ಅಚ್ಚುಕಟ್ಟಾಗಿ ಹಾಕುತ್ತದೆ.

ಇಷ್ಟು ಹೇಳಿ ಪಂಪ್‌ನ ಪಕ್ಷ ಹೇಳದಿದ್ದರೆ ನನ್ನದೇ ಅನುಭವಕ್ಕೆ ದ್ರೋಹ. ಗರ್ಭಿಣಿಯಾಗಿದ್ದಾಗ ಡಾಕ್ಟರು ಪಂಪ್ ಹಾಕೋಣ ಅಂದರು. ನನಗೆ ನಸುಕಿನ ಮೂರು ನಾಲ್ಕು ಗಂಟೆಯಿಂದ ಶುಗರ್ ತಾನಾಗಿ ಏರುತ್ತಿತ್ತು. ಆ ಹೊತ್ತಿಗೆ ಏಳುವ ಹಾರ್ಮೋನುಗಳಿಂದ ಬಹಳ ಜನರಿಗೆ ಹೀಗಾಗುತ್ತದೆ. ಬೆಳಗಿನ ಜಾವಕ್ಕೆ ಸಾಕಾಗುವಷ್ಟು ಗ್ಲಾರ್ಜಿನ್ ಹಾಕಿದರೆ ನಡುರಾತ್ರಿ ಲೋ (ಶುಗರ್ ತೀರಾ ಇಳಿಯುವುದು), ರಾತ್ರಿಗೆ ಸರಿಯಾಗುವಷ್ಟು ಹಾಕಿದರೆ ಬೆಳಿಗ್ಗೆ ಇನ್ನೂರರ ಮೇಲೆ. ಪಂಪ್‌ನಲ್ಲಿ ಚುರುಕಿನ ಇನ್ಸುಲಿನ್ ಒಂದೇ ಇರುವುದು, ಅದನ್ನೇ ಹನಿಹನಿಯಾಗಿ ಬೇಸಲ್ ಆಗಿ ಬಿಡುತ್ತದೆ, ಗಂಟೆಗೊಂದು ಪ್ರಮಾಣ ಬರೆದಿಡಬಹುದು. ಮೂರು ಗಂಟೆಗೆ ಹೆಚ್ಚಿಸು, ಎಂಟಕ್ಕೆ ಇಳಿಸು ಎಂದು ಒಮ್ಮೆ ಹೇಳಿದರೆ ದಿನಾ ಮಾಡುತ್ತದೆ. ಮೊದಲ ತಿಂಗಳುಗಳಲ್ಲಿ ಪದೇಪದೇ ಲೋ, ಕೊನೆಯ ತಿಂಗಳುಗಳಲ್ಲಿ ಇನ್ಸುಲಿನ್ ಎರಡು ಪಟ್ಟು, ಹೆರಿಗೆಯಾದ ತಕ್ಷಣ ಥಟ್ಟನೆ ಕಡಿಮೆ. ಇಷ್ಟು ಏರಿಳಿತವನ್ನು ಪೆನ್ನಿನಲ್ಲಿ ಹಿಡಿಯುವವರಿದ್ದಾರೆ, ನನಗೆ ಪಂಪ್ ಕೈ ಹಿಡಿಯಿತು. ಮಗಳು ಆರೋಗ್ಯವಾಗಿ ಹುಟ್ಟಿದಳು.

ಬೆಣ್ಣೆ ದೋಸೆಯ ವಿಷಯಕ್ಕೂ ಪಂಪ್‌ಗೆ ನಾನು ಋಣಿ. ದಾವಣಗೆರೆಯಲ್ಲಿದ್ದು ಬೆಣ್ಣೆ ದೋಸೆ ತಿನ್ನದೆ ಇರಲಾಗುವುದಿಲ್ಲ. ಅದರ ಬೆಣ್ಣೆ ಹೊಟ್ಟೆಯಿಂದ ಆಹಾರ ಇಳಿಯುವುದನ್ನು ತಡ ಮಾಡುತ್ತದೆ. ಇನ್ಸುಲಿನ್ ಮುಂದೆ ಓಡಿರುತ್ತದೆ, ದೋಸೆ ಹಿಂದೆ ಉಳಿದಿರುತ್ತದೆ. ತಿಂದು ಒಂದು ತಾಸಿಗೆ ಕೈ ನಡುಗಿ ಲೋ, ನಾಲ್ಕು ತಾಸಿಗೆ ಹೈ. ಪಂಪ್‌ನಲ್ಲಿ ಒಂದು ಪಾಲು ಈಗ ಕೊಡು, ಉಳಿದದ್ದನ್ನು ಮುಂದಿನ ಎರಡು ಮೂರು ತಾಸು ಹರಡಿ ಕೊಡು ಎಂದು ಹೇಳುವ ಸೌಲಭ್ಯ ಇದೆ. ಮೊದಲ ಸಲ ಹಾಗೆ ಮಾಡಿ ಶುಗರ್ ನೋಡಿದಾಗ ಗೆರೆ ಎಳೆದಂತೆ ಇತ್ತು, ನನಗೆ ಅಳುವೇ ಬಂತು. ಈಗ ಪೆನ್ನಿನಲ್ಲಿ ಅದನ್ನೇ ಎರಡು ಚುಚ್ಚಾಗಿ ಒಡೆದು ಹಾಕುತ್ತೇನೆ. ಬಹಳ ಮಟ್ಟಿಗೆ ಆಗುತ್ತದೆ, ಅಷ್ಟು ನಯವಾಗಿ ಅಲ್ಲ. ಪಂಕ್ತಿ ಊಟದಲ್ಲೂ ಹಾಗೇ. ಎಷ್ಟು ಬಡಿಸುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ, ಎರಡನೇ ಹೋಳಿಗೆ ಎಲೆಗೆ ಬಿದ್ದಾಗ ಸೊಂಟದ ಹತ್ತಿರ ಗುಂಡಿ ಒತ್ತಿದರೆ ಆಯಿತು.

ತೀರಾ ಸಣ್ಣ ಮಕ್ಕಳ ಮಾತು ಬೇರೆಯೇ. ಎರಡು ವರ್ಷದ ಮಗುವಿಗೆ ಇಡೀ ದಿನಕ್ಕೆ ಬೇಕಾಗುವುದೇ ಕೆಲವು ಯೂನಿಟ್. ಪೆನ್ನಿನಲ್ಲಿ ಒಂದು ಯೂನಿಟ್, ಹೆಚ್ಚೆಂದರೆ ಅರ್ಧ ಯೂನಿಟ್‌ವರೆಗೆ ಇಳಿಯಬಹುದು. ಪಂಪ್ ಯೂನಿಟ್ಟಿನ ನೂರರ ಭಾಗಗಳಲ್ಲಿ ಅಳೆಯುತ್ತದೆ. ಕೊಳ್ಳುವ ಶಕ್ತಿಯಿದ್ದರೆ ಇಂಥ ಕೂಸಿಗೆ ಪಂಪ್ ಹಾಕಿಸಿ ಎಂದು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಮತ್ತೆ ಪೆನ್ನಿಗೆ ಯಾಕೆ ಬಂದೆ? ಒಂದು ಕಾರಣ ಬೇಸಿಗೆ. ಪಂಪ್‌ನಿಂದ ಬರುವ ಸಣ್ಣ ಕೊಳವೆ ಚರ್ಮದ ಕೆಳಗೆ ಕೂರುವ ಮೆತ್ತನೆಯ ಕ್ಯಾನುಲಾದಲ್ಲಿ ಮುಗಿಯುತ್ತದೆ, ಅದನ್ನು ಹಿಡಿದಿಡುವುದು ಒಂದು ಅಂಟು. ನಮ್ಮೂರಿನ ಏಪ್ರಿಲ್ ಬೆವರಿಗೆ ಅಂಟು ಏಳುತ್ತದೆ, ಕ್ಯಾನುಲಾ ಮಡಚಿಕೊಳ್ಳುತ್ತದೆ. ಪಂಪ್‌ನಲ್ಲಿ ಉದ್ದನೆಯ ಇನ್ಸುಲಿನ್ (ಗ್ಲಾರ್ಜಿನ್‌ನಂತೆ ಇಡೀ ದಿನ ಕೆಲಸ ಮಾಡುವುದು) ಇರುವುದಿಲ್ಲವಾದ್ದರಿಂದ ಹರಿವು ನಿಂತರೆ ಕೆಲವೇ ತಾಸಿನಲ್ಲಿ ಮೈಯಲ್ಲಿ ಇನ್ಸುಲಿನ್ನೇ ಇಲ್ಲದಂತಾಗುತ್ತದೆ. ಪೆನ್ನಿನವರಿಗೆ ಗ್ಲಾರ್ಜಿನ್ ಒಳಗೆ ಕೂತು ಕಾಯುತ್ತಿರುತ್ತದೆ, ಪಂಪ್‌ನವರಿಗೆ ಆ ಕಾವಲಿಲ್ಲ. ಒಂದು ರಾತ್ರಿ ಹೀಗೆ ಕ್ಯಾನುಲಾ ಮಡಚಿತು. ಬೇಸಲ್ ಹನಿ ಸಣ್ಣದಾದ್ದರಿಂದ ತಡೆ ಗೊತ್ತಾಗಿ ಅಲಾರ್ಮ್ ಹೊಡೆಯಲು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ವಾಂತಿ, ನಾಲಿಗೆ ಒಣಗಿ ಅಂಟಿಕೊಂಡಿದೆ, ಮೂತ್ರದ ಪಟ್ಟಿಯಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ಮೈಯಲ್ಲಿ ಸೇರುವ ಅಪಾಯಕಾರಿ ಆಮ್ಲ) ಕಡು ನೇರಳೆ. ಡಾಕ್ಟರಿಗೆ ಫೋನ್ ಮಾಡಿ ಪೆನ್ನಿನಲ್ಲಿ ಇನ್ಸುಲಿನ್ ಹಾಕಿ, ಸೆಟ್ ಬದಲಿಸಿ, ನೀರು ಕುಡಿಯುತ್ತ ಮಧ್ಯಾಹ್ನದವರೆಗೆ ಒದ್ದಾಡಿದೆ. ಮಗಳು ಆಗ ತೊಟ್ಟಿಲಲ್ಲಿದ್ದಳು. ಅವಳನ್ನು ಎತ್ತಿಕೊಳ್ಳುವ ಶಕ್ತಿ ನನ್ನ ಕೈಯಲ್ಲಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬರೆಯದೆ ಮುಂದೆ ಹೋಗಲಾರೆ. ಪಂಪ್‌ಗೆ ತುಂಬುವ ಇನ್ಸುಲಿನ್ ಮಿಲಿಲೀಟರಿಗೆ 100 ಯೂನಿಟ್‌ನದು. ನಮ್ಮ ದೇಶದಲ್ಲಿ ಬಹುಪಾಲು ಹ್ಯೂಮನ್ ಇನ್ಸುಲಿನ್ ಸೀಸೆಗಳು 40 ಯೂನಿಟ್‌ನವು, ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕೆಂಪು ಕ್ಯಾಪಿನ ಸಿರಿಂಜು ಆ 40ಕ್ಕೆ ಅಂತಲೇ ಮಾಡಿದ್ದು. ಪಂಪ್ ಕೆಟ್ಟ ಗಡಿಬಿಡಿಯಲ್ಲಿ ಪಂಪ್‌ನ ಸೀಸೆಯಿಂದ ಕೆಂಪು ಕ್ಯಾಪಿನ ಸಿರಿಂಜಿಗೆ ಎಳೆದರೆ ಗೆರೆ 4 ತೋರಿಸುತ್ತದೆ, ಮೈಗೆ ಹೋಗುವುದು 10. ಎರಡೂವರೆ ಪಟ್ಟು. 100ರ ಸಿರಿಂಜಿನ ಕ್ಯಾಪ್ ಕಿತ್ತಳೆ ಬಣ್ಣದ್ದು. ಪಂಪ್ ಹಾಕಿಸುವ ಮನೆಯಲ್ಲಿ ಕಿತ್ತಳೆ ಕ್ಯಾಪಿನ ಸಿರಿಂಜು, ಇಲ್ಲವೇ ತುಂಬಿದ ಪೆನ್ನು, ಜೊತೆಗೆ ಉದ್ದನೆಯ ಇನ್ಸುಲಿನ್ನಿನ ಒಂದು ಪೆನ್ನು ಸದಾ ಇರಬೇಕು. ಮನೆಯ ಎಲ್ಲರಿಗೂ ಈ ಬಣ್ಣದ ಲೆಕ್ಕ ಗೊತ್ತಿರಬೇಕು.

ಇನ್ನೊಂದು ಕಾರಣ ಖರ್ಚು. ಪಂಪ್‌ನ ಬೆಲೆ ಲಕ್ಷಗಳಲ್ಲಿ, ಅದು ಒಂದು ಸಲದ್ದು. ಆದರೆ ತಿಂಗಳಿಗೆ ಹತ್ತರಷ್ಟು ಸೆಟ್ಟು, ಅಂಟು, ಇನ್ಸುಲಿನ್ ತುಂಬುವ ರಿಸರ್ವಾಯರ್, ಬೆಂಗಳೂರಿನಿಂದ ಕೊರಿಯರ್. ಗ್ಯಾರಂಟಿ ಮುಗಿದ ಮೇಲೆ ಯಂತ್ರಕ್ಕೂ ಮತ್ತೆ ದುಡ್ಡು. ನನ್ನ ಪಂಪ್‌ನ ಗ್ಯಾರಂಟಿ ಮುಗಿಯುವ ಹೊತ್ತಿಗೆ ತೋಳಿಗೆ ಅಂಟಿಸುವ ಗ್ಲುಕೋಸ್ ಸೆನ್ಸರುಗಳು ನಮ್ಮಲ್ಲೂ ಸಿಗತೊಡಗಿದ್ದವು. ಎರಡನ್ನೂ ಕೊಳ್ಳುವ ಶಕ್ತಿ ನಮಗಿರಲಿಲ್ಲ. ನಾನು ಸೆನ್ಸರ್ ಆರಿಸಿಕೊಂಡೆ. ಇಷ್ಟು ವರ್ಷಗಳಲ್ಲಿ ನಾನು ಅತಿ ಗಟ್ಟಿಯಾಗಿ ನಂಬಿರುವ ಮಾತು ಇದೇ: ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಅದು ಸೆನ್ಸರಿಗೆ ಹೋಗಲಿ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡಿದರೆ ನಾಲ್ಕು ಕ್ಷಣ ಮಾತ್ರ ಗೊತ್ತಾಗುತ್ತದೆ, ರಾತ್ರಿ ಪೂರ್ತಿ ಕತ್ತಲು. ಸೆನ್ಸರ್ ಕೆಲವು ನಿಮಿಷಕ್ಕೊಮ್ಮೆ ಅಂಕಿ ಕೊಡುತ್ತದೆ, ಏರುತ್ತಿದೆಯಾ ಇಳಿಯುತ್ತಿದೆಯಾ ಅಂತ ಬಾಣ ತೋರಿಸುತ್ತದೆ. ಅದನ್ನು ನೋಡಿ ಪೆನ್ನಿನಲ್ಲಿ ಹಾಕಿದ ಡೋಸು, ನೋಡದೆ ಪಂಪ್‌ನಲ್ಲಿ ಹಾಕಿದ ಡೋಸಿಗಿಂತ ಒಳ್ಳೆಯದಾಗಿರುತ್ತದೆ.

ಇವೆರಡೂ ಒಂದಾದಾಗ ಚಿತ್ರ ಬೇರೆಯಾಗುತ್ತದೆ. ಸೆನ್ಸರಿನ ಅಂಕಿ ನೋಡಿ ಬೇಸಲನ್ನು ತಾನೇ ಹೆಚ್ಚು ಕಡಿಮೆ ಮಾಡುವ ಮೊದಲ ಪಂಪ್‌ಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಶುಗರ್ ಇಳಿಯುವ ಸೂಚನೆ ಕಂಡರೆ ಹರಿವು ನಿಲ್ಲಿಸುತ್ತದೆ, ಏರಿದರೆ ಹೆಚ್ಚಿಸುತ್ತದೆ. ಊಟದ ಕಾರ್ಬ್ ಇನ್ನೂ ನಾವೇ ಹೇಳಬೇಕು, ಆದರೆ ರಾತ್ರಿ ಅದು ಕಾಯುತ್ತದೆ. 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ಟೈಪ್ 1 ಇರುವ ಮಕ್ಕಳೂ ಸೇರಿ ಬಹಳಷ್ಟು ಜನರಿಗೆ ಇಂಥ ವ್ಯವಸ್ಥೆಯನ್ನು ಸರ್ಕಾರಿ ಆರೋಗ್ಯ ಸೇವೆಯಿಂದಲೇ ಕೊಡಬಹುದು ಎಂದು ಶಿಫಾರಸು ಮಾಡಿತು. ಅಲ್ಲಿ ಸರ್ಕಾರ ಕೊಡುತ್ತದೆ. ಇಲ್ಲಿ ಗ್ಲುಕೋಮೀಟರ್ ಸ್ಟ್ರಿಪ್‌ನ್ನೂ ಎಣಿಸಿ ಬಳಸುವ ಮನೆಗಳಿವೆ, ಟೈಪ್ 1 ಇರುವ ಎಷ್ಟೋ ಮಕ್ಕಳು ಇವತ್ತಿಗೂ ಎರಡು ಹೊತ್ತಿನ ಸೀಸೆ ಇನ್ಸುಲಿನ್ನಿನಲ್ಲೇ ಇದ್ದಾರೆ. ಸೂಜಿಯೋ ಪಂಪೋ ಎಂಬ ಪ್ರಶ್ನೆ ಆ ಮನೆಗಳವರೆಗೆ ತಲುಪಿಯೇ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಗ್ಲಾರ್ಜಿನ್, ಪೆನ್, ದಿನಕ್ಕೆ ನಾಲ್ಕು ಸ್ಟ್ರಿಪ್ ಈ ಮಕ್ಕಳಿಗೆ ಪುಕ್ಕಟೆ ಸಿಗಬೇಕು. ಅದಾಗುವವರೆಗೆ ಪಂಪ್‌ಗಳ ಬಗ್ಗೆ ನಾವು ಎಷ್ಟು ಚಂದ ಮಾತಾಡಿದರೂ ಒಂದು ಕೊರಗು ಉಳಿದೇ ಇರುತ್ತದೆ ನನ್ನಲ್ಲಿ.

ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಚನ್ನಗಿರಿ ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗಿ ಆರನೇ ಕ್ಲಾಸು. "ಅಡಿಕೆ ದುಡ್ಡು ಬಂದೈತಿ ಮೇಡಂ, ಖರ್ಚಾಗೋದ್ರೊಳಗೆ ಇವಳಿಗೆ ಪಂಪ್ ಹಾಕಿಸಿಬಿಡಾಣ ಅಂತ. ಒಂದ್ಸಲ ಕೊಟ್ರೆ ಮುಗೀತಲ್ಲ?" ಮುಗಿಯುವುದಿಲ್ಲ ಅಂತ ಕಾಗದದ ಮೇಲೆ ತಿಂಗಳ ಲೆಕ್ಕ ಬರೆದು ತೋರಿಸಿದೆ. ಅಡಿಕೆ ರೇಟು ಬಿದ್ದ ವರ್ಷ ಸೆಟ್ಟಿಗೆ ಏನು ಮಾಡುತ್ತೀರಿ ಎಂದು ಕೇಳಿದೆ. ಸೆಟ್ ಉಳಿಸಲು ಮೂರು ದಿನದ್ದನ್ನು ಐದಾರು ದಿನ ಎಳೆಯುವವರನ್ನು ನಾನು ನೋಡಿದ್ದೇನೆ. ಆ ಜಾಗ ಕೆಂಪಗಾಗಿ ಗಂಟಾಗುತ್ತದೆ, ಇನ್ಸುಲಿನ್ ಸರಿಯಾಗಿ ಇಳಿಯುವುದಿಲ್ಲ. ಅವರು ಬಹಳ ಹೊತ್ತು ಕಾಗದ ನೋಡುತ್ತಾ ಕೂತರು.

ಅಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಕೇಳಿದಳು, "ಅಕ್ಕಾ, ಅದು ಹಾಕ್ಕೊಂಡು ಖೋ ಖೋ ಆಡಬೌದಾ?" ಆಟದ ಹೊತ್ತು ತೆಗೆದಿಡಬಹುದು, ತಾಸಿಗಿಂತ ಹೆಚ್ಚು ಹೊತ್ತು ಬಿಡಬಾರದು, ಮತ್ತೆ ಹಾಕಿಕೊಳ್ಳುವುದು ನಿನಗೇ ನೆನಪಿರಬೇಕು ಎಂದೆ. ಅವಳು ಅಪ್ಪನ ಕಡೆ ತಿರುಗಿ ತನಗೆ ಪೆನ್ನೇ ಸಾಕು, ಆದರೆ ಕ್ಲಾಸಿನಲ್ಲಿ ಲೋ ಆದಾಗ ಟೀಚರ್ ಬೆಲ್ಲಕ್ಕೆ ಬಿಡಬೇಕು ಅಂದಳು. ನನ್ನ ಅಷ್ಟೂ ಲೆಕ್ಕಕ್ಕಿಂತ ಆ ಮಾತು ಮುಖ್ಯವಾಗಿತ್ತು. ಸೊಂಟಕ್ಕೆ ಕಟ್ಟಿಕೊಂಡು ಶಾಲೆಗೆ ಹೋಗುವವಳು ಅವಳು, ಹುಡುಗಿಯರ ಸಾಲಿನಲ್ಲಿ ಇದೇನು ಅಂತ ಕೇಳಿಸಿಕೊಳ್ಳುವವಳು ಅವಳು. ದೊಡ್ಡವರು ಕೂತು ನಿರ್ಧರಿಸಿ ಹಾಕಿಸಿದ ಪಂಪನ್ನು ಹದಿನಾಲ್ಕನೇ ವಯಸ್ಸಿನಲ್ಲಿ ಕಿತ್ತು ಬೀರುವಿನಲ್ಲಿಟ್ಟ ಮಕ್ಕಳಿದ್ದಾರೆ. ಈ ಹುಡುಗಿಯ ಅಪ್ಪ ಈಗ ಅಡಿಕೆ ದುಡ್ಡಿನಲ್ಲಿ ಒಂದು ಪಾಲನ್ನು ಸೆನ್ಸರಿಗೆ ಅಂತ ತೆಗೆದಿಟ್ಟಿದ್ದಾರೆ. ಪ್ರತಿ ತಿಂಗಳೂ ಎರಡು ಸೆನ್ಸರ್ ಆಗದಿದ್ದರೂ ಡೋಸ್ ಬದಲಿಸುವಾಗ, ಪರೀಕ್ಷೆಯ ತಿಂಗಳಲ್ಲಿ, ಜ್ವರ ಬಂದಾಗ. ಶಾಲೆಗೆ ಅಪ್ಪ ಮಗಳು ಇಬ್ಬರೂ ಹೋಗಿ ಟೀಚರಿಗೆ ಲೋ ಅಂದರೆ ಏನು, ಮೂರು ಚಮಚ ಸಕ್ಕರೆ ಕೊಟ್ಟು ಹದಿನೈದು ನಿಮಿಷ ಕಾದು ಮತ್ತೆ ನೋಡುವುದು ಹೇಗೆ ಎಂದು ತೋರಿಸಿ ಬಂದರಂತೆ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ಮಕ್ಕಳು ಬೋರ್ಡ್ ಪರೀಕ್ಷೆಗೆ ತಿಂಡಿ, ಮಾತ್ರೆ ಒಯ್ಯಲು ಅನುಮತಿ ಕೊಟ್ಟಿದೆ ಎಂಬ ಮಾತನ್ನೂ ಹೆಡ್‌ಮಾಸ್ತರರ ಮುಂದೆ ಇಡಿ ಅಂತ ನಾನು ಹೇಳಿ ಕಳಿಸಿದ್ದೆ.

ನನ್ನ ವಿಷಯದಲ್ಲಿ ಲೆಕ್ಕ ಈಗ ಮತ್ತೆ ಬದಲಾಗುತ್ತಿದೆ. ಇಷ್ಟು ವರ್ಷದ ಕಾಯಿಲೆಯಲ್ಲಿ ಲೋ ಆಗುವ ಸೂಚನೆಗಳು ಮಂಕಾಗುತ್ತವೆ. ಮೊದಲೆಲ್ಲ ಎಪ್ಪತ್ತಕ್ಕೆ ಬೆವರುತ್ತಿದ್ದೆ, ಈಗ ಐವತ್ತಾದರೂ ಪಾಠ ಮಾಡುತ್ತಲೇ ಇರುತ್ತೇನೆ, ವಾಕ್ಯ ತಪ್ಪಿದಾಗ ಮುಂದಿನ ಬೆಂಚಿನವರ ಮುಖದಿಂದ ತಿಳಿಯುತ್ತದೆ. ರಾತ್ರಿ ಸೆನ್ಸರಿನ ಅಲಾರ್ಮ್ ಹೊಡೆದರೆ ನಾನು ಏಳುವುದಿಲ್ಲ, ಮನೆಯವರು ಏಳುತ್ತಾರೆ. ಇಂಥವರಿಗೆ ತಾನೇ ಹರಿವು ನಿಲ್ಲಿಸುವ ಪಂಪ್ ಬೇಕು ಎಂದು ಡಾಕ್ಟರು ಹೇಳಿದ್ದಾರೆ, ನನಗೂ ಹೌದು ಅನ್ನಿಸಿದೆ. ಮನೆಯಲ್ಲಿ ಇಬ್ಬರ ಸಂಬಳ ಇದೆ, ತಿಂಗಳ ಲೆಕ್ಕ ಮೊದಲೇ ಬರೆದಾಗಿದೆ. ಕೊಳ್ಳುವ ಮೊದಲು ಕೆಲವು ದಿನ ಟ್ರಯಲ್‌ಗೆ ಕೊಡುತ್ತಾರೆ, ಅದನ್ನು ಏಪ್ರಿಲ್‌ನಲ್ಲೇ ಕೊಡಿ ಎಂದು ಕೇಳಿದ್ದೇನೆ. ಬೆವರಿಗೆ ಅಂಟು ನಿಲ್ಲುತ್ತದಾ, ಸೀರೆ ಉಟ್ಟು ಎರಡು ಪೀರಿಯಡ್ ನಿಂತರೆ ಕೊಳವೆ ಎಳೆಯುತ್ತದಾ, ಮನೆಯವರಿಗೆ ರಾತ್ರಿ ನಿದ್ದೆ ಬರುತ್ತದಾ, ಈ ಮೂರನ್ನೇ ನೋಡುವುದು. ಮೂರನೆಯದಕ್ಕೆ ಹೌದು ಎಂದು ಬಂದರೆ ಉಳಿದೆರಡಕ್ಕೆ ದಾರಿ ಹುಡುಕುತ್ತೇನೆ. ಪೆನ್ನುಗಳು ಫ್ರಿಜ್ಜಿನ ಬಾಗಿಲಲ್ಲೇ ಇರುತ್ತವೆ.